ಬಲಗಿವಿಗೆ ಇಪ್ಪತ್ತನಾಲ್ಕು ದಿನ

ಮಾರ್ಚ್ 4, ಬೆಳಿಗ್ಗೆ 8.20

ಲ್ಯಾಬಿನ ಬೀಗ ತೆಗೆದೆ. ಕಿಟಕಿ ತೆರೆದೆ. ಮೇಣದ ಬಟ್ಟಲು ಒಲೆಯ ಮೇಲೆ. ಬೇರೆಯವರು ಬರುವ ಮೊದಲು ಇನ್ನೊಂದು ಸಲ ನೋಡೋಣ ಎಂದೇ ಇಷ್ಟು ಬೇಗ ಬಂದದ್ದು. ಸಲೂನಿನಲ್ಲಿ ಕೆಲಸ ಮಾಡುವ ಪೇಷಂಟ್ ಒಬ್ಬರಿಗೆ ಬಲಗಿವಿ. ಮೇಲಂಚಿನ ಮಡಿಕೆ ಕೆತ್ತುತ್ತಿದ್ದೆ, ಕೈ ನಡುಗಿತು, ಮಡಿಕೆ ಕಿತ್ತು ಬಂತು. ಇದು ಮೂರನೆಯದು.

ಮತ್ತೆ ಬಟ್ಟಲಿಗೆ ಹಾಕಿ ಕರಗಿಸಿದೆ. ಮೇಣ ಒಳ್ಳೆಯದು. ಚಾಡಿ ಹೇಳುವುದಿಲ್ಲ.

ಇಪ್ಪತ್ತಾರು ವರ್ಷದಿಂದ ಈ ಆಸ್ಪತ್ರೆಗೆ ಕಿವಿ, ಮೂಗು ಮಾಡಿಕೊಡುತ್ತಿದ್ದೇನೆ. ಕಳೆದುಕೊಂಡವರಿಗೆ. ಕೈ ನಡುಗಲು ಶುರುವಾಗಿ ಏಳು ತಿಂಗಳು. ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆಯುತ್ತಿದ್ದೇನೆ, ಅದೂ ಸೊಟ್ಟ ಅಕ್ಷರದಲ್ಲಿ.

ಮಾರ್ಚ್ 4, ಮಧ್ಯಾಹ್ನ 1.15

ದೊಡ್ಡ ಡಾಕ್ಟರ್ ಕರೆಸಿದ್ದರು. ಹೊಸ ಸ್ಕ್ಯಾನರ್, ಹೊಸ ಪ್ರಿಂಟರ್ ಬಂದು ಎರಡು ತಿಂಗಳಾಯಿತು, ಎರಡೂ ಮುಸುಕು ಹೊದ್ದು ಮಲಗಿವೆ.

"ಮೇಣ ಸಾಕು ಇನ್ನು. ಕಂಪ್ಯೂಟರಲ್ಲೇ ಕೆತ್ಬೇಕು. ಯಾವ ಸಾಫ್ಟ್‌ವೇರ್ ಅಂತ ನೀವೇ ನೋಡಿ ಆರ್ಸಿ. ಗಂಧಗಾಳಿ ಗೊತ್ತಿಲ್ದೋರೂ ಕಲಿಯೋ ಹಾಗಿರ್ಲಿ. ಇಪ್ಪತ್ತೆಂಟಕ್ಕೆ ರಿಪೋರ್ಟ್ ಕೊಡಿ. ಜೊತೆಗೆ ಅದ್ರಲ್ಲಿ ಮಾಡಿದ ಒಂದು ಕಿವಿ, ಪೇಷಂಟ್ ತಲೆ ಮೇಲೆ ಕೂತಿರ್ಬೇಕು."

"ಆಗದೇ ಹೋದ್ರೆ ಸರ್?"

"ಹೊರಗಿನ ಕಂಪನಿಗೆ ಕೊಟ್ಬಿಡ್ತೀವಿ. ನಿಮ್ಮನ್ನ ಸ್ಟೋರ್ಸಿಗೆ ಹಾಕೋಣ. ಚಿಂತೆ ಮಾಡ್ಬೇಡಿ."

ಸ್ಟೋರ್ಸ್. ನೆಲಮಾಳಿಗೆ. ಹತ್ತಿಯ ಬಂಡಲ್ ನೋಡಿಕೊಂಡು ಕೂರುವುದು. ಚಿಂತೆ ಮಾಡಬಾರದಂತೆ!

ಭಯವಾಯಿತು, ನಿಜ. ಆದರೆ ಒಳಗೆಲ್ಲೋ ಒಂದು ಕಳ್ಳ ಸಮಾಧಾನವೂ. ಮೇಣದ ಎದುರು ಕೈ ಸೋತಿದೆ. ಮೆಷಿನ್ನಿನ ಎದುರು ಇನ್ನೂ ಸೋತಿಲ್ಲವಲ್ಲ.

ಮಾರ್ಚ್ 5, ಬೆಳಿಗ್ಗೆ 6.40

ತಂಗಿ ಚಹಾ ತಂದಿಟ್ಟಳು. "ಅಕ್ಕಾ, ಯಾಕೆ ದಿನಾ ಅರ್ಧ ಲೋಟ ಸಾಕು ಅಂತೀಯ? ನನ್ ಚಹಾ ಅಷ್ಟು ಕೆಟ್ಟದಾ?"

"ಎದೆ ಉರಿಯತ್ತೆ ಕಣೇ."

ಸುಳ್ಳು. ತುಂಬಿದ ಲೋಟ ತುಳುಕುತ್ತದೆ, ಅಷ್ಟೆ. ಅವಳು ನಂಬಿದಳೋ ಇಲ್ಲವೋ. ಲೈಬ್ರರಿಯಲ್ಲಿ ಕೆಲಸ ಮಾಡಿ ಮಾಡಿ ಅವಳಿಗೆ ಬಾಯಿಮುಚ್ಚಿಕೊಂಡು ನೋಡುವ ಅಭ್ಯಾಸ.

ಮಾರ್ಚ್ 6, ಸಂಜೆ 5.00

ಮೊದಲ ಸಾಫ್ಟ್‌ವೇರ್. ಸ್ಕ್ಯಾನರ್ ನೋಡಿಕೊಳ್ಳುವ ಸಹೋದ್ಯೋಗಿ ಹಾಕಿಕೊಟ್ಟ. ಎಲ್ಲರೂ ಅವನನ್ನು ಕನ್ನಡಕ ಎನ್ನುತ್ತೇವೆ; ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಇನ್‌ಸ್ಟಾಲ್ ಕೂಡ ಬೇಡ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಚೌಕ, ಕೊಳವೆ, ಗೋಲಿ—ಎಳೆದು ತಂದು ಅಂಟಿಸುವುದು. ಒಂದು ಗಂಟೆಯಲ್ಲಿ ಬೀಗದ ಕೈಗೆ ನೇತುಹಾಕುವ ಬಿಲ್ಲೆ ಮಾಡಿದೆ! ಮಕ್ಕಳೂ ಮಾಡಬಹುದು. ಅಳತೆ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿ ಕೂರುತ್ತದೆ.

ಆಮೇಲೆ ಕಿವಿ. ಎರಡು ಗಂಟೆ ಒದ್ದಾಡಿದೆ. ಕಪ್ಪಿನ ಹಿಡಿ ಬಂತು. ಇದಕ್ಕೆ 'ಡಬ್ಬಿ' ಎಂದು ಹೆಸರಿಟ್ಟೆ. ಡಬ್ಬಿಗಳನ್ನು ಜೋಡಿಸಿ ಕಿವಿ ಮಾಡಲಾಗದು.

ಮಾರ್ಚ್ 9, ಮಧ್ಯಾಹ್ನ 1.30

ಎರಡನೆಯದು. ಬಿಟ್ಟಿ, ಎಲ್ಲವೂ ಇದೆ ಅದರಲ್ಲಿ. ಎಲ್ಲವೂ ಇರುವುದೇ ಕಷ್ಟ. ತೆರೆದರೆ ವಿಮಾನದ ಡ್ರೈವರ್ ಸೀಟಿನಲ್ಲಿ ಕೂತ ಹಾಗೆ. ಹೆಸರು: 'ಕಾಕ್‌ಪಿಟ್'. ಏನೋ ಒಂದು ಕೀ ತಾಗಿತು, ಅರ್ಧ ಕೆತ್ತಿದ ಕಿವಿ ಮಾಯ. ಕನ್ನಡಕನನ್ನು ಕೂಗಿದೆ.

"ಎಲ್ಲೂ ಹೋಗಿಲ್ಲ ಅಕ್ಕಾ, ಹೈಡ್ ಆಗಿದೆ ಅಷ್ಟೆ."

"ಇದ್ದದ್ದನ್ನ ಬಚ್ಚಿಡೋಕೂ ಒಂದು ಕೀ ಬೇಕಾ?"

ಅವನು ನಕ್ಕ. ನಾನೂ ನಕ್ಕೆ. ಮೌಸ್ ಹಿಡಿದ ಕೈಯನ್ನು ಮೇಜಿನ ಅಂಚಿಗೆ ಒತ್ತಿಕೊಂಡಿದ್ದೆ. ಪರದೆಯ ಮೇಲೆ ಮಾತ್ರ ಗೆರೆ ಗರಗಸದ ಹಲ್ಲಿನಂತೆ ಬರುತ್ತಿತ್ತು. "ಮೌಸ್ ಹಳೇದಿರ್ಬೇಕು" ಎಂದು ಹೊಸದು ತಂದುಕೊಟ್ಟ, ಪಾಪ. ಹೊಸದರಲ್ಲೂ ಗರಗಸವೇ. ನನಗೆ ಬೇರೆ ಮೌಸ್ ಅಲ್ಲ, ಬೇರೆ ಕೈ ಬೇಕು ಎಂದು ಹೇಗೆ ಹೇಳಲಿ.

ಮಾರ್ಚ್ 11

ಮೂರನೆಯದು 'ದೊಡ್ಡಪ್ಪ'. ಸಿನಿಮಾದವರು ಬಳಸುವಂಥದ್ದು. ಕನ್ನಡಕನಿಗೆ ಇದೆಂದರೆ ಪ್ರಾಣ, ಹಳೆಯ ಕೆಲಸದಲ್ಲಿ ಮೂರು ವರ್ಷ ಇದರಲ್ಲೇ ಕೂತಿದ್ದನಂತೆ. ಚರ್ಮದ ರಂಧ್ರ ಕೂಡ ಕೆತ್ತಬಹುದು. ಸುಳ್ಳಲ್ಲ, ಅವನು ತೋರಿಸಿದ ಮುಖ ಉಸಿರಾಡುವಂತಿತ್ತು. ಆದರೆ ದೊಡ್ಡಪ್ಪನ ಹತ್ತಿರ ಏನು ಕೇಳಬೇಕಾದರೂ ಮೂರು ಬಾಗಿಲು ದಾಟಬೇಕು. ನಾನು ಹೋದದ್ದು ಒಂದೇ ಒಂದು ಮಡಿಕೆಗೆ. ಸಂಜೆಯಾದರೂ ಅಂಗಳದಲ್ಲೇ ಇದ್ದೆ.

"ಒಂದೆರಡು ತಿಂಗಳು ಕೂತ್ರೆ ಬಂದ್ಬಿಡತ್ತೆ ಅಕ್ಕಾ."

ಇರುವುದು ಹದಿನೇಳು ದಿನ. ಅವನು ಊಟಕ್ಕೆ ಹೋದಾಗ ಡಾಕ್ಟರಿಗೆ ದೊಡ್ಡಪ್ಪನನ್ನೇ ತಗೊಳ್ಳಿ ಎಂದನೆಂದು ಆಮೇಲೆ ತಿಳಿಯಿತು. ಸಿಟ್ಟು ಬಂತು. ಆದರೆ ಅವನ ತಪ್ಪೇನು? ಅವನಿಗೆ ಒಳ್ಳೆಯದೆನಿಸಿದ್ದನ್ನು ಹೇಳಿದ. ನನಗೇನು ಬೇಕೆಂದು ನಾನು ಹೇಳಿಯೇ ಇಲ್ಲ.

ಮಾರ್ಚ್ 12, ಬೆಳಿಗ್ಗೆ 8.00

ಸಿಕ್ಕಿತು!

ತಂಗಿಯ ಟ್ಯಾಬ್ಲೆಟ್ಟಿನಲ್ಲಿ, ಪೆನ್ನಿನಿಂದ ಕೆತ್ತುವುದು. ತೆರೆದ ಕೂಡಲೇ ಒಂದು ಮಣ್ಣಿನ ಉಂಡೆ. ಉಬ್ಬಿಸು, ಒತ್ತು, ನಯ ಮಾಡು—ಬೆರಳಷ್ಟು ದೊಡ್ಡ ಗುಂಡಿಗಳು. ಇದು 'ಜೇಡಿ'. ಹತ್ತು ನಿಮಿಷದಲ್ಲಿ ಕೈಗೆ ಹತ್ತಿತು. ಮೂಲೆಯಲ್ಲಿ ಒಂದು ಪುಟ್ಟ ಜಾರುಪಟ್ಟಿ, ಗೆರೆಯನ್ನು ಸ್ಥಿರ ಮಾಡುವುದಕ್ಕೆ. ಸುಮ್ಮನೆ ಮೇಲಕ್ಕೆ ಎಳೆದೆ.

ಪೆನ್ನು ಮುಂದೆ ಹೋಯಿತು, ಗೆರೆ ಹಿಂದಿನಿಂದ ನಿಧಾನವಾಗಿ ಬಂತು, ಹಗ್ಗ ಹಿಡಿದು ನಡೆಸಿದ ಕರುವಿನಂತೆ. ಪೆನ್ನು ನಡುಗಿತು. ಗೆರೆ ನಡುಗಲಿಲ್ಲ.

ಮತ್ತೆ ಎಳೆದೆ. ಮತ್ತೆ. ಮೇಲಂಚಿನ ಮಡಿಕೆ ಒಂದೇ ಉಸಿರಿಗೆ ಬಂತು, ವರ್ಷದ ಹಿಂದಿನ ನನ್ನ ಕೈಯಿಂದ ಬಂದ ಹಾಗೆ. ಅಡುಗೆಮನೆಯಲ್ಲಿ ತಂಗಿ ಇದ್ದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 17

ಐದು ದಿನ ಬರೆಯಲಿಲ್ಲ. ಜೇಡಿಯಲ್ಲಿ ಕಿವಿ ಮೇಲೆ ಕಿವಿ. ನನ್ನದು, ತಂಗಿಯದು, ಪೇಪರಿನಲ್ಲಿ ಕಂಡ ಮಂತ್ರಿಯೊಬ್ಬರದು.

ಇವತ್ತು ಸಲೂನಿನವರು ಸ್ಕ್ಯಾನಿಗೆ ಬಂದಿದ್ದರು. ನಲವತ್ತರ ಆಸುಪಾಸು. ಕಿವಿಯವರೆಗೂ ಎಳೆದ ಟೋಪಿ. ಕಳೆದ ವರ್ಷ ಬೈಕಿನಿಂದ ಬಿದ್ದು ಬಲಗಿವಿ ಪೂರ್ತಿ ಹೋಗಿದೆ. ಮೂಳೆಗೆ ಎರಡು ಪುಟ್ಟ ಮ್ಯಾಗ್ನೆಟ್ ಕೂರಿಸಿದ್ದಾರೆ, ನಾನು ಮಾಡಿದ್ದು ಅದರ ಮೇಲೆ ಟಕ್ಕೆಂದು ಕೂರಬೇಕು.

"ನಮ್ ಕಸುಬಲ್ಲಿ ಇದೇ ತೊಂದ್ರೆ ಅಮ್ಮಾ. ಕುರ್ಚೀಲಿ ಕೂತೋರು ಕನ್ನಡೀಲಿ ನೋಡೋದು ಅವರ ಮುಖ ಅಲ್ಲ, ನಂದು. 'ಕಿವಿ ಹತ್ರ ಹುಷಾರಪ್ಪ' ಅಂತಾರೆ. ನನ್ ಕಿವೀನ ನಾನೇ ಕತ್ತರಿಸ್ಕೊಂಡೆ ಅನ್ನೋ ಹಾಗೆ!"

ನಗುತ್ತಲೇ ಹೇಳಿದರು. ಮಾಲೀಕ ಅವರನ್ನು ಹಿಂದಿನ ಕೋಣೆಗೆ ಹಾಕಿದ್ದಾನೆ, ಟವೆಲ್ ಒಗೆಯುವುದಕ್ಕೆ. ಒಂದನೇ ತಾರೀಖಿನೊಳಗೆ ಕಿವಿ ಬಾರದಿದ್ದರೆ ಮುಂದಿನ ಕುರ್ಚಿ ಬೇರೆಯವನಿಗೆ. ನನಗೆ ಸ್ಟೋರ್ಸ್, ಅವರಿಗೆ ಟವೆಲ್ಲು. ಇದನ್ನು ಅವರಿಗೆ ಹೇಳಲಿಲ್ಲ.

ಮಾರ್ಚ್ 18, ಸಂಜೆ 4.45

ಇರುವ ಎಡಗಿವಿಯ ಸ್ಕ್ಯಾನ್ ತೆಗೆದು ಫ್ಲಿಪ್ ಎಂಬ ಗುಂಡಿ ಒತ್ತಿದರೆ ತಿರುಗಿ ಬಲಗಿವಿಯಾಗುತ್ತದೆ. ಎಂಥ ಸುಖ! ಆದರೆ ಮಡಿಕೆಗಳ ಒಳಗೆ ಸ್ಕ್ಯಾನರಿನ ಕಣ್ಣು ಹೋಗುವುದಿಲ್ಲ, ಅಲ್ಲೆಲ್ಲ ಮುದ್ದೆ. ಅದನ್ನು ಕೈಯಲ್ಲೇ ಕೆತ್ತಬೇಕು. ಇಡೀ ದಿನ ಕೆತ್ತಿದೆ. ನಮ್ಮ ಪದ್ಧತಿ ಬಿಡಲಾಗಲಿಲ್ಲ, ಎದುರಿಗೆ ಕೈಗನ್ನಡಿ ಇಟ್ಟುಕೊಂಡಿದ್ದೆ. ಮೊದಲಿನಿಂದಲೂ ಹಾಗೇ: ಇರುವ ಕಿವಿಯ ಅಚ್ಚು ಮೇಜಿನ ಮೇಲೆ, ಅದರೆದುರು ಕನ್ನಡಿ. ಅಚ್ಚನ್ನು ನೋಡಕೂಡದು. ಕನ್ನಡಿಯೊಳಗಿನದನ್ನು ನೋಡಿ ಮೇಣ ಕೆತ್ತಬೇಕು.

ಮುಗಿಸಿ ಪರದೆಯನ್ನು ಕನ್ನಡಿಯಲ್ಲಿ ನೋಡಿದರೆ—ಎಡಗಿವಿ! ಫ್ಲಿಪ್ ಆಗಿಯೇ ಇಲ್ಲ! ಇನ್ನೊಮ್ಮೆ ಗುಂಡಿ ಒತ್ತಿದೆ. ಈಗ ಕನ್ನಡಿಯಲ್ಲಿ ಬಲಗಿವಿ. ಸದ್ಯ, ಬದುಕಿಕೊಂಡೆ. ಪ್ರಿಂಟರಿಗೆ ಕೊಟ್ಟೆ. ಒಂಬತ್ತು ಗಂಟೆ ಬೇಕಂತೆ.

ಮಾರ್ಚ್ 20, ಬೆಳಿಗ್ಗೆ 11.30

ಬರೆಯಲು ನಾಚಿಕೆ.

ಸಲೂನಿನವರು ಬಂದರು. ಕನ್ನಡಕ ಇದ್ದ. ಪ್ರಿಂಟ್ ಆದ ಕಿವಿಯನ್ನು ಅವರ ಬಲಗಡೆ ಹಿಡಿದೆ. ಕೂರಲಿಲ್ಲ. ತಿರುಗಿಸಿ ಹಿಡಿದೆ. ಹಾಲೆ ಹಿಂದಕ್ಕೆ, ಬೆನ್ನು ಮುಂದಕ್ಕೆ. ಅವರು ನನ್ನ ಕೈಯಿಂದ ತೆಗೆದುಕೊಂಡು ಎಡಗಿವಿಯ ಪಕ್ಕ ಹಿಡಿದು ಗೋಡೆಯ ಕನ್ನಡಿಯಲ್ಲಿ ನೋಡಿದರು.

"ತುಂಬಾ ಚೆನ್ನಾಗಿದೆ ಅಮ್ಮಾ. ಆದ್ರೆ ಎಡಗಿವಿ ನನ್ ಹತ್ರ ಆಗ್ಲೇ ಒಂದಿದೆ."

ಕನ್ನಡಕ ಬಾಯಿಗೆ ಕೈ ಅಡ್ಡ ಹಿಡಿದ. ಪರದೆಯ ಮೇಲೆ ಮೊದಲೇ ಸರಿಯಾಗಿ ತಿರುಗಿಕೊಂಡಿದ್ದ ಕಿವಿಯನ್ನು ಕನ್ನಡಿಯಲ್ಲಿ ನೋಡಿ, ಮತ್ತೆ ಉಲ್ಟಾ ಮಾಡಿದವಳು ನಾನೇ. ಇಪ್ಪತ್ತಾರು ವರ್ಷದ ಅಭ್ಯಾಸ. ಗೊತ್ತಿಲ್ಲದವರು ಈ ತಪ್ಪು ಮಾಡುತ್ತಿರಲಿಲ್ಲ. ಗೊತ್ತಿದ್ದದ್ದೇ ಮುಳುವಾಯಿತು.

ಅವರು ಸಿಟ್ಟಾಗಲಿಲ್ಲ. ಟೋಪಿ ಎಳೆದುಕೊಂಡು "ಒಂದನೇ ತಾರೀಖು..." ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 20, ಸಂಜೆ 6.30

ಡಾಕ್ಟರಿಗೆ ಸುದ್ದಿ ಹೋಗಿದೆ. ಮೆಟ್ಟಿಲ ಮೇಲೆ ಸಿಕ್ಕವರು, "ದೊಡ್ಡ ಸಾಫ್ಟ್‌ವೇರೇ ತಗೊಂಡ್ಬಿಡೋಣ್ವಾ? ಅದನ್ನ ಬಲ್ಲೋರು ಇದ್ದಾರಲ್ಲ" ಎಂದರು. ತಪ್ಪು ಜೇಡಿಯದಲ್ಲ, ನನ್ನದು ಎನ್ನಲು ಬಾಯಿ ತೆರೆದೆ. ಹಾಗಂದರೆ ಮುಂದಿನ ಪ್ರಶ್ನೆ ಬರುತ್ತದೆ—ಅದೇ ಯಾಕೆ ಬೇಕು? ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದರೆ ತಂಗಿ ಅರ್ಧ ಲೋಟ ಚಹಾ ಎದುರಿಗಿಟ್ಟು ಕೂತಳು.

"ಅಪ್ಪಾನೂ ಕೊನೆಕೊನೆಗೆ ಅರ್ಧ ಲೋಟಾನೇ ಕುಡೀತಿದ್ದ."

ಅಪ್ಪ ವಾಚು ರಿಪೇರಿ ಮಾಡುತ್ತಿದ್ದ. ತನ್ನ ಕೈ ನಡುಗುವುದನ್ನು ಯಾರಿಗೂ ಹೇಳಲಿಲ್ಲ. ಗಿರಾಕಿಯೊಬ್ಬರ ತಾಯಿಯ ವಾಚು ಕೈಜಾರಿ ಒಡೆದ ದಿನ ಅಂಗಡಿಯ ಬಾಗಿಲು ಎಳೆದು ಬಂದವನು, ಮತ್ತೆ ತೆಗೆಯಲಿಲ್ಲ. ಬಾಗಿಲು ಎಳೆಯುವ ಮೊದಲು ಒಂದು ಮಾತು ನಮಗೆ ಹೇಳಬಹುದಿತ್ತು.

ಮಾರ್ಚ್ 21, ಬೆಳಿಗ್ಗೆ 8.10

ಕನ್ನಡಿ ಡ್ರಾಯರಿನಲ್ಲಿ. ಬೀಗ ಹಾಕಿದೆ. ಕೀಲಿ ಕನ್ನಡಕನ ಕೈಗೆ ಕೊಟ್ಟೆ. "ನಾನು ಎಷ್ಟು ಗೋಗರೆದ್ರೂ ಕೊಡ್ಬೇಡ."

"ಅಕ್ಕಾ, ನಿಮ್ ಜೇಡೀಲಿ ಕೆತ್ತನೆ ಚೆನ್ನಾಗಿದೆ, ಒಪ್ತೀನಿ. ಆದ್ರೆ ಅಳತೆ? ಮ್ಯಾಗ್ನೆಟ್ ಕೂರೋ ಗುಳಿ ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ಕಿವಿ ಅಲ್ಲಾಡತ್ತೆ."

ನಿಜ. ಜೇಡಿಗೆ ಮಿಲಿಮೀಟರ್ ಗೊತ್ತಿಲ್ಲ. ಆಗ ಹೊಳೆಯಿತು... ಡಬ್ಬಿ! ಕೆತ್ತುವುದು ಜೇಡಿಯಲ್ಲಿ, ಗುಳಿ ಕೊರೆಯುವುದು, ಸಿಲಿಕಾನ್ ಸುರಿಯುವ ಅಚ್ಚಿನ ಪೆಟ್ಟಿಗೆ ಕಟ್ಟುವುದು ಡಬ್ಬಿಯಲ್ಲಿ. ಎರಡೂ ಹೊಸಬರು ಒಂದು ದಿನದಲ್ಲಿ ಕಲಿಯುವಂಥವು.

ಅವನು ಎರಡೂ ಕನ್ನಡಕ ತೆಗೆದು ಒರೆಸಿದ. "ಇದು ನನ್ ತಲೆಗೆ ಯಾಕೆ ಹೋಗ್ಲಿಲ್ಲ?"

ಮಾರ್ಚ್ 24

ಕೆತ್ತಿದ್ದು ಮುಗಿಯಿತು. ಬಲಗಿವಿ. ಕನ್ನಡಕ ನೋಡಿದ, ನರ್ಸ್ ನೋಡಿದಳು, ಲಿಫ್ಟಿನವರನ್ನೂ ಕರೆತಂದು ಕೇಳಿದೆ: ಇದು ಯಾವ ಕಡೆಯದು? ಮೂವರೂ ಬಲ ಎಂದರು. ಅಚ್ಚು ಪ್ರಿಂಟಿಗೆ ಹೋಗಿದೆ.

ಮಾರ್ಚ್ 26

ಸಿಲಿಕಾನ್ ಸುರಿದೆ. ಬಣ್ಣ ಬೆರೆಸುವುದು ಕಣ್ಣಿನ ಕೆಲಸ, ಅದಕ್ಕೆ ಕೈ ಅಷ್ಟು ಬೇಕಿಲ್ಲ. ಹಾಲೆಗೆ ಒಂದು ಚೂರು ಕೆಂಪು. ನಾಳೆ ಹತ್ತಕ್ಕೆ ಸಲೂನಿನವರು ಬರುತ್ತಾರೆ.

ರಿಪೋರ್ಟಿನ ಫಾರಂ ತುಂಬಿದೆ. ಒಂದು ಕಾಲಂ ಉಳಿದಿದೆ: 'ಈ ಸಾಫ್ಟ್‌ವೇರ್ ಆಯ್ಕೆಗೆ ಕಾರಣ'. ಸುಲಭ, ಬೇಗ ಕಲಿಯಬಹುದು—ಎಂದು ಬರೆದರೆ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಖಾಲಿ ಬಿಟ್ಟೆ.

ಮಾರ್ಚ್ 27, ಮಧ್ಯಾಹ್ನ 12.40

ಇದನ್ನು ಬರೆಯಲೇಬೇಕು.

ಕಿವಿ ಟಕ್ಕೆಂದು ಕೂತಿತು. ಅಲ್ಲಾಡಲಿಲ್ಲ. ಉಳಿದದ್ದು ಅಂಚು: ಚರ್ಮಕ್ಕೆ ಸೇರುವಲ್ಲಿ ಸಿಲಿಕಾನ್ ಸಿಗರೇಟು ಕಾಗದದಷ್ಟು ತೆಳುವಾಗಬೇಕು. ಅದನ್ನು ಮುಖದ ಮೇಲೆ ಇಟ್ಟೇ ಬ್ಲೇಡಿನಿಂದ ಸವರಬೇಕು. ಅದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ, ಜಾರುಪಟ್ಟಿಯೂ ಇಲ್ಲ.

ಬಾಗಿಲು ಹಾಕಿದೆ. ಬ್ಲೇಡ್ ತೆಗೆದುಕೊಂಡೆ. ಮೇಲಿನಿಂದ ಸವರುತ್ತ ಬಂದೆ, ಸರಿಯಾಗಿಯೇ ಬರುತ್ತಿತ್ತು. ದವಡೆಯ ಹತ್ತಿರ ಬಂದಾಗ ಕೈ ಅದರಿತು. ಬ್ಲೇಡಿನ ತುದಿ ಅವರ ಕುತ್ತಿಗೆಯ ಪಕ್ಕ ಚರ್ಮಕ್ಕೆ ತಾಗಿ ನಿಂತಿತು. ರಕ್ತ ಬರಲಿಲ್ಲ. ಒಂದು ಕೂದಲೆಳೆಯಷ್ಟು ಕೆಂಪು ಗೆರೆ ಎದ್ದಿತು.

ಅವರು ಅಲುಗಾಡಲಿಲ್ಲ. ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಣ್ಣು ಕನ್ನಡಿಯಲ್ಲಿ.

"ಎಷ್ಟು ದಿನ ಆಯ್ತಮ್ಮಾ?"

"ಏನು?"

"ನಂಗೆ ಇಪ್ಪತ್ತು ವರ್ಷದಿಂದ ಇದೇ ಕೆಲ್ಸ. ಕೈ ನೋಡಿದ್ರೆ ಗೊತ್ತಾಗತ್ತೆ."

"...ಏಳು ತಿಂಗಳು."

ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು. ಅದೂ ಯಾರ ಕುತ್ತಿಗೆಗೆ ಬ್ಲೇಡ್ ಹಿಡಿದಿದ್ದೆನೋ ಅವರಿಗೆ.

"ಕಿರುಬೆರಳು ನನ್ ಕೆನ್ನೆ ಮೇಲೆ ಊರಿ. ಹಾಂ, ಭಾರ ಬಿಡಿ, ನೋವಾಗಲ್ಲ. ನಮ್ ಪಾಠ ಶುರುವಾಗೋದೇ ಹೀಗೆ." ಊರಿದೆ. ನಡುಕ ಅರ್ಧ ಇಳಿಯಿತು. ಅರ್ಧ ಮಾತ್ರ. ಉಳಿದ ಅಂಚನ್ನು ಅವರೇ ಸವರಿಕೊಂಡರು, ಗೋಡೆಯ ಕನ್ನಡಿ ನೋಡಿಕೊಂಡು, ತಮ್ಮ ಕಿವಿಯನ್ನು ತಾವೇ! ಅಂಥ ಕೈ ನಾನು ನೋಡಿಲ್ಲ.

ಹೊರಡುವಾಗ ಟೋಪಿ ಮಡಚಿ ಜೇಬಿಗೆ ಹಾಕಿಕೊಂಡರು.

"ನಮ್ ಅಂಗಡೀಲಿ ಒಂದು ರೂಲ್ಸಿದೆ ಅಮ್ಮಾ. ಕೈ ನಡುಗೋನ್ನ ಓಡಿಸಲ್ಲ. ಕತ್ತರಿ ಕೊಡ್ತೀವಿ. ಕತ್ತಿ ಮಾತ್ರ ಕೊಡಲ್ಲ."

ಮಾರ್ಚ್ 28, ಬೆಳಿಗ್ಗೆ 10.20

ಡಾಕ್ಟರ ಕೋಣೆಯ ಹೊರಗಿನ ಬೆಂಚು. ಈಗ ತಾನೇ ನಡೆದದ್ದು.

ಸಲೂನಿನವರು ಟೋಪಿಯಿಲ್ಲದೆ ಬಂದಿದ್ದರು. ಡಾಕ್ಟರ್ ಕುರ್ಚಿಯಿಂದೆದ್ದು, ಸುತ್ತ ಬಂದು, ಬಗ್ಗಿ, ಟಾರ್ಚು ಹಾಕಿ, ಕಿವಿಯ ಹಿಂದೆಲ್ಲ ನೋಡಿ, "ಅದ್ಭುತ. ಅಂಚೇ ಕಾಣಲ್ವಲ್ರೀ!" ಎಂದರು.

"ಸರ್, ಅದು ನಮ್ಮಮ್ಮ ಕೊಟ್ಟಿದ್ದು. ಇವ್ರು ಮಾಡಿದ್ದು ಈ ಕಡೆ."

ನೋಡುತ್ತಿದ್ದದ್ದು ಎಡಗಿವಿಯನ್ನು! ಕನ್ನಡಕ ಕೆಮ್ಮುವ ನೆಪದಲ್ಲಿ ಹೊರಗೋಡಿದ. ಡಾಕ್ಟರೂ ನಕ್ಕರು, ಬಲಗಡೆ ಬಂದರು, ಈ ಸಲ ತುಂಬಾ ಹೊತ್ತು ನೋಡಿದರು. ಆಮೇಲೆ ಫಾರಂ ತಿರುಗಿಸಿದರು.

"ಲ್ಯಾಬ್ ನಿಮ್ದೇ. ಈ ಕಾರಣದ ಕಾಲಂ ಖಾಲಿ ಬಿಟ್ಟಿದ್ದೀರಿ, ಏನಾದ್ರೂ ಒಂದ್ ಲೈನ್ ಬರ್ದು ತನ್ನಿ. ಸೈನ್ ಹಾಕ್ಬಿಡ್ತೀನಿ. ಸೋಮವಾರದಿಂದ ಆ ಮಗು ಮೂಗು ಶುರು ಮಾಡಿ."

ಏನಾದರೂ ಒಂದು ಲೈನ್. ಕಲಿಯಲು ಸುಲಭ. ಎರಡೇ ಪದ. ಸೈನ್ ಬೀಳುತ್ತದೆ, ಯಾರೂ ಕೇಳುವುದಿಲ್ಲ. ಗೆದ್ದಾಗಿದೆ.

ಆ ಮಗುವಿಗೆ ಆರು ವರ್ಷ. ನಾಯಿ ಕಚ್ಚಿದ್ದು. ಮೂಗಿನ ಅಂಚು ಸವರಬೇಕಾದದ್ದು ಕಣ್ಣಿನಿಂದ ಎರಡು ಬೆರಳು ಕೆಳಗೆ. ಆರು ವರ್ಷದ ಮಗು ಸಲೂನಿನವರಂತೆ ಅಲುಗಾಡದೆ ಕೂರುವುದಿಲ್ಲ, ನನ್ನ ಮಣಿಕಟ್ಟು ಹಿಡಿಯುವುದೂ ಇಲ್ಲ.

ಸಲೂನಿನವರು ಬೆಂಚಿನ ಆ ತುದಿಯಲ್ಲಿ ಕೂತಿದ್ದಾರೆ. ಹೋಗುವವರು ಬರುವವರು ಯಾರೂ ಅವರನ್ನು ತಿರುಗಿ ನೋಡುತ್ತಿಲ್ಲ.

ಹೆದರಿಕೆಯಾಗುತ್ತಿದೆ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡವಳಲ್ಲ ನಾನು. ನನಗೆ ಈ ಕೆಲಸ ಬೇಕು. ಫಾರಂ ಮೇಲೆ ಹೊಡೆದು ಹಾಕಲಾಗದು, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಕಾರಣ: ಕಲಿಯಲು ಸುಲಭ.

ಅಲ್ಲ.

ಕಾರಣ: ಏಳು ತಿಂಗಳಿಂದ ನನ್ನ ಬಲಗೈ ನಡುಗುತ್ತಿದೆ. ಈ ಸಾಫ್ಟ್‌ವೇರಿನಲ್ಲಿ ಗೆರೆ ನಡುಗುವುದಿಲ್ಲ. ಆದ್ದರಿಂದ ಕೆತ್ತನೆ ನಾನೇ ಮಾಡುತ್ತೇನೆ. ಪೇಷಂಟಿನ ಮುಖದ ಮೇಲೆ ಬ್ಲೇಡ್ ಮಾತ್ರ ಬೇರೆಯವರು ಹಿಡಿಯ—

ಬಾಗಿಲು ತೆರೆಯಿತು. ಡಾಕ್ಟರ್ ಹೊರಗೆ ಬಂದು ನಿಂತಿದ್ದಾರೆ. ನಾನು ಪುಸ್ತಕ ಮುಚ್ಚುವುದಿಲ್ಲ. ಪೆನ್ನು ಹಿಡಿದ ನನ್ನ ಕೈಯನ್ನೇ ಅವರು ನೋಡುತ್ತಿದ್ದಾರೆ.